ತುಮಕೂರಿನಂಥ ಊರಲ್ಲಿ ಪೈಥಾನ್ ಗುಂಪು ಕಟ್ಟುವುದು ಹೇಗೆ: ಮೊದಲ ಭಾನುವಾರದಿಂದ ಫೌಂಡೇಷನ್ ಅರ್ಜಿಯವರೆಗೆ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ ಈ ಫೋನ್ ನನಗೆ ಮತ್ತೆ ಮತ್ತೆ ಬರುತ್ತದೆ. ಒಮ್ಮೆ ತಿಪಟೂರಿನಿಂದ, ಒಮ್ಮೆ ಚಿಂತಾಮಣಿಯಿಂದ, ಒಮ್ಮೆ ಮಾಲೂರಿನಿಂದ. "ಅಕ್ಕಾ, ನಮ್ಮ ಕಾಲೇಜಲ್ಲಿ ಪೈಥಾನ್ ಕಾರ್ಯಾಗಾರ ಮಾಡಬೇಕು ಅಂತಿದೀವಿ. ಪೈಥಾನ್ ಸಾಫ್ಟ್‌ವೇರ್ ಫೌಂಡೇಷನ್ ದುಡ್ಡು ಕೊಡುತ್ತಂತಲ್ಲ, ಅರ್ಜಿ ಹಾಕೋದು ಹೇಗೆ?" ನಾನು ತಿರುಗಿ ಕೇಳುವುದು ಒಂದೇ ಮಾತು. "ಇಲ್ಲಿವರೆಗೆ ಎಷ್ಟು ಸಲ ಸೇರಿದ್ದೀರಿ?" ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಇನ್ನೂ ಸೇರಿಲ್ಲ ಅಕ್ಕಾ. ದುಡ್ಡು ಬಂದ ಮೇಲೆ ಶುರು ಮಾಡೋಣ ಅಂತ."

ಎಲ್ಲರೂ ಎಡವುವುದು ಇಲ್ಲೇ. ಹಣ ಕೊನೆಯ ಮೆಟ್ಟಿಲು. ಅದನ್ನು ಮೊದಲ ಮೆಟ್ಟಿಲು ಮಾಡಿಕೊಂಡರೆ ಅರ್ಜಿಯೂ ನಿಲ್ಲುವುದಿಲ್ಲ, ಗುಂಪೂ ಹುಟ್ಟುವುದಿಲ್ಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗಳು ತುಮಕೂರಿನವು. ಕೋಲಾರ, ಚಿಕ್ಕಬಳ್ಳಾಪುರದವರು ಊರಿನ ಹೆಸರು ಬದಲಿಸಿಕೊಂಡರೆ ಸಾಕು.

## ಮೊದಲು ಇಷ್ಟು ತಿಳಿದಿರಲಿ

ಪೈಥಾನ್ ಸಾಫ್ಟ್‌ವೇರ್ ಫೌಂಡೇಷನ್ ಅಂದರೆ ಪಿಎಸ್‌ಎಫ್. 2001ರಲ್ಲಿ ಅಮೆರಿಕದಲ್ಲಿ ಶುರುವಾದ ಲಾಭರಹಿತ ಸಂಸ್ಥೆ ಇದು. ಪೈಥಾನ್ ಎಂಬ ಹೆಸರು, ಎರಡು ಹಾವಿನ ಲೋಗೋ ಇದರ ಹಕ್ಕಿನಲ್ಲಿವೆ. ನಾವು ಪಿಪ್ ಎಂಬ ಆಜ್ಞೆಯ ಮೂಲಕ ಇಳಿಸಿಕೊಳ್ಳುವ ಪ್ಯಾಕೇಜುಗಳು, ಅಂದರೆ ಬೇರೆಯವರು ಬರೆದಿಟ್ಟ ಕೋಡ್, ಇರುವ ಪೈಪಿಐ ಭಂಡಾರವನ್ನು ನಡೆಸುವುದೂ ಇದೇ ಸಂಸ್ಥೆ.

ಇದಕ್ಕೆ ಊರೂರಲ್ಲಿ ಶಾಖೆಗಳಿಲ್ಲ. "ತುಮಕೂರು ಶಾಖೆ ಕೊಡಿ" ಎಂದು ಪತ್ರ ಬರೆದು ತಿಂಗಳುಗಟ್ಟಲೆ ಕಾದವರನ್ನು ನೋಡಿದ್ದೇನೆ. ಪೈಥಾನ್ ಕಲಿಯಲು, ಕಲಿಸಲು, ಗುಂಪು ಶುರು ಮಾಡಲು ಯಾರ ಅನುಮತಿಯೂ ಬೇಡ. ಈ ಭಾನುವಾರವೇ ಶುರು ಮಾಡಬಹುದು.

ಭಾರತದಲ್ಲಿ ಪೈಥಾನ್ ಸಾಫ್ಟ್‌ವೇರ್ ಸೊಸೈಟಿ ಆಫ್ ಇಂಡಿಯಾ ಎಂಬ ಬೇರೆಯೇ ಸಂಸ್ಥೆ ಇದೆ. ಪೈಕಾನ್ ಇಂಡಿಯಾ ಸಮ್ಮೇಳನದ ಹಿಂದೆ ಇರುವುದು ಇದು. ಮೊದಲ ಪೈಕಾನ್ ಇಂಡಿಯಾ 2009ರಲ್ಲಿ ಬೆಂಗಳೂರಿನಲ್ಲೇ ನಡೆಯಿತು. ಈ ಎರಡು ಸಂಸ್ಥೆಗಳನ್ನು ಒಂದೇ ಅಂದುಕೊಳ್ಳಬೇಡಿ. ಎಂಟನೇ ಹಂತದಲ್ಲಿ ಈ ವ್ಯತ್ಯಾಸ ತುಂಬಾ ಮುಖ್ಯವಾಗುತ್ತದೆ.

## ಹಂತ 1: ಮೂರು ಜನ, ಒಂದು ಜಾಗ, ಮೂರು ದಿನಾಂಕ

ಮೊದಲು ಬೇಕಾದದ್ದು ಮೂರು ಜನ. ಒಬ್ಬರೇ ಹೊತ್ತುಕೊಂಡ ಗುಂಪು ಅವರಿಗೆ ಪರೀಕ್ಷೆ ಬಂದಾಗ, ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದಾಗ ನಿಂತುಹೋಗುತ್ತದೆ. ತುಮಕೂರಿನಲ್ಲಿ ಇದು ಇನ್ನೂ ಜಾಸ್ತಿ, ಏಕೆಂದರೆ ಕೆಲಸ ಇರುವುದು ಎಪ್ಪತ್ತು ಕಿಲೋಮೀಟರ್ ದೂರದಲ್ಲಿ. ಮೂವರಲ್ಲಿ ಒಬ್ಬರಾದರೂ ಊರಲ್ಲೇ ಉಳಿಯುವವರಾಗಿರಲಿ. ಉಪನ್ಯಾಸಕರು, ಸ್ವಂತ ಕಂಪ್ಯೂಟರ್ ಅಂಗಡಿ ಇಟ್ಟವರು, ಶಾಲಾ ಶಿಕ್ಷಕರು, ಯಾರಾದರೂ ಸರಿ.

ಜಾಗಕ್ಕೆ ದೊಡ್ಡ ಸಭಾಂಗಣ ಹುಡುಕಬೇಡಿ. ಹದಿನೈದು ಜನ ಕೂರುವ ಕೋಣೆ, ನಾಲ್ಕು ಪ್ಲಗ್ ಪಾಯಿಂಟ್, ಕುಡಿಯುವ ನೀರು, ಶೌಚಾಲಯ ಸಾಕು. ಹೆಣ್ಣುಮಕ್ಕಳ ಶೌಚಾಲಯಕ್ಕೆ ಭಾನುವಾರ ಬೀಗ ಹಾಕಿರುತ್ತಾರಾ ಎಂದು ಮೊದಲೇ ಕೇಳಿ. ಇದನ್ನು ಕೇಳದೆ ಹೋಗಿ ಮಧ್ಯಾಹ್ನಕ್ಕೇ ಎಂಟು ಹುಡುಗಿಯರು ಮನೆಗೆ ಹೊರಟ ದಿನ ನನಗೆ ಇವತ್ತಿಗೂ ನೆನಪಿದೆ.

ಹೊತ್ತನ್ನು ಬಸ್ಸು ನೋಡಿ ಗೊತ್ತುಮಾಡಿ. ಪಾವಗಡ ತುಮಕೂರಿನಿಂದ ಸುಮಾರು ನೂರು ಕಿಲೋಮೀಟರ್. ಅಲ್ಲಿಂದ ಬರುವವರು ಒಂಬತ್ತಕ್ಕೆ ಬಂದು ಕೂರಲಾರರು, ಸಂಜೆ ಆರರವರೆಗೆ ಇರಲೂ ಆರರು. ನಮ್ಮ ಲೆಕ್ಕ ಹತ್ತೂವರೆಯಿಂದ ನಾಲ್ಕು. ನಾಲ್ಕು ಅಂದರೆ ನಾಲ್ಕೇ. ಒಂದು ಸಲ ಐದೂವರೆ ಆಯಿತು ಅಂದರೆ ಮುಂದಿನ ಸಲ ಮನೆಯವರು ಕಳಿಸುವುದಿಲ್ಲ.

ಒಂದೇ ಸಲಕ್ಕೆ ಮೂರು ದಿನಾಂಕ ಘೋಷಿಸಿ. "ಪ್ರತಿ ತಿಂಗಳ ಎರಡನೇ ಭಾನುವಾರ" ಅಂದರೆ ಜನರ ಬಾಯಲ್ಲಿ ಉಳಿಯುತ್ತದೆ. "ಮುಂದಿನದನ್ನು ಆಮೇಲೆ ತಿಳಿಸುತ್ತೇವೆ" ಅಂದ ಗುಂಪು ಮತ್ತೆ ಸೇರಿದ್ದನ್ನು ನಾನು ಕಂಡಿಲ್ಲ.

ಮೊದಲ ಸಲ ಐದೇ ಜನ ಬಂದರೆ? ಐದು ಜನಕ್ಕೇ ನಡೆಸಿ. ರದ್ದು ಮಾಡಬೇಡಿ.

## ಹಂತ 2: ಕೋಡ್ ಆಫ್ ಕಂಡಕ್ಟ್ ಬರೆಯಿರಿ

ಕೋಡ್ ಆಫ್ ಕಂಡಕ್ಟ್ ಅಂದರೆ ಬಂದವರು ಹೇಗೆ ನಡೆದುಕೊಳ್ಳಬೇಕು ಅನ್ನುವ ನಿಯಮ. "ನಮ್ಮದು ಚಿಕ್ಕ ಗುಂಪು, ಇದೆಲ್ಲ ಯಾಕೆ" ಎಂದು ಬಹಳ ಜನ ಈ ಹಂತ ಬಿಡುತ್ತಾರೆ. ಎರಡು ಕಾರಣಕ್ಕೆ ಬಿಡಬಾರದು. ಒಂದು, ಪಿಎಸ್‌ಎಫ್ ನೆರವು ಕೇಳುವ ಯಾವುದೇ ಕಾರ್ಯಕ್ರಮಕ್ಕೆ ಕೋಡ್ ಆಫ್ ಕಂಡಕ್ಟ್ ಇರಲೇಬೇಕು. ಎರಡನೆಯದು ನನಗೆ ಇನ್ನೂ ದೊಡ್ಡದು. ಹದಿನೆಂಟು ವರ್ಷದ ಹುಡುಗಿಗೆ ಯಾರೋ ತೊಂದರೆ ಕೊಟ್ಟರೆ ಯಾರಿಗೆ ಹೇಳಬೇಕು ಅನ್ನುವುದು ಅವಳಿಗೆ ಬಾಗಿಲಲ್ಲೇ ಗೊತ್ತಿರಬೇಕು.

ಒಂದು ಪುಟ ಸಾಕು, ಕನ್ನಡದಲ್ಲೇ ಬರೆಯಿರಿ. ಏನು ಮಾಡಬಾರದು, ಮಾಡಿದರೆ ಏನಾಗುತ್ತದೆ, ಯಾರಿಗೆ ಹೇಳಬೇಕು. ಕೊನೆಯದರಲ್ಲಿ ಇಬ್ಬರ ಹೆಸರು, ಫೋನ್ ನಂಬರ್ ಇರಲಿ, ಅವರಲ್ಲಿ ಒಬ್ಬರು ಹೆಂಗಸಾಗಿರಲಿ. ದೊಡ್ಡ ಸಮ್ಮೇಳನದ ಕೋಡ್ ಆಫ್ ಕಂಡಕ್ಟನ್ನು ಹಾಗೇ ನಕಲು ಮಾಡಿ ಹೆಸರು, ನಂಬರಿನ ಜಾಗ ಖಾಲಿ ಬಿಡುವುದು ನಾನು ಜಾಸ್ತಿ ನೋಡುವ ತಪ್ಪು. ದೂರು ಕೊಡಲು ಜಾಗವಿಲ್ಲದ ಕಾಗದ ಯಾರಿಗೂ ಉಪಯೋಗವಿಲ್ಲ.

ಅದನ್ನು ಬಾಗಿಲಿಗೆ ಅಂಟಿಸಿ. ಶುರುವಿನಲ್ಲಿ ಎರಡು ನಿಮಿಷ ಓದಿ ಹೇಳಿ.

## ಹಂತ 3: ಹೆಸರು ಮತ್ತು ಲೋಗೋ

ಹೆಸರು ಸರಳವಾಗಿರಲಿ. "ತುಮಕೂರು ಪೈಥಾನ್ ಗುಂಪು" ಅಂದರೆ ಸಾಕು. ಪೈಥಾನ್ ಅನ್ನುವುದು ಪಿಎಸ್‌ಎಫ್‌ನ ಟ್ರೇಡ್‌ಮಾರ್ಕ್ ಆದ್ದರಿಂದ "ಅಧಿಕೃತ", "ಪಿಎಸ್‌ಎಫ್ ಮಾನ್ಯತೆ ಪಡೆದ" ಎಂಬ ಮಾತುಗಳನ್ನು ಬ್ಯಾನರಿನಲ್ಲಾಗಲಿ ಸರ್ಟಿಫಿಕೇಟಿನಲ್ಲಾಗಲಿ ಹಾಕಬೇಡಿ. ಕಾಲೇಜಿನವರು "ಸರ್ಟಿಫಿಕೇಟ್ ಮೇಲೆ ಅವರ ಲೋಗೋ ಇದ್ದರೆ ತೂಕ ಬರುತ್ತೆ" ಎಂದು ಒತ್ತಾಯ ಮಾಡುತ್ತಾರೆ. ಒಪ್ಪಬೇಡಿ. ನಿಮ್ಮ ಗುಂಪಿನ ಹೆಸರಲ್ಲಿ ಕೊಡಿ.

ಎರಡು ಹಾವಿನ ಲೋಗೋವನ್ನು ಬಳಸುವುದಾದರೆ ಇದ್ದ ಹಾಗೇ ಬಳಸಿ. ಹಾವಿನ ತಲೆ ಮೇಲೆ ತೆಂಗಿನಮರ ಕೂರಿಸುವುದು, ಬಣ್ಣ ಬದಲಿಸಿ ಕಾಲೇಜಿನ ಲಾಂಛನದ ಜೊತೆ ಬೆಸೆಯುವುದು, ಇಂಥದ್ದಕ್ಕೆಲ್ಲ ಪಿಎಸ್‌ಎಫ್‌ಗೆ ಬರೆದು ಅನುಮತಿ ಕೇಳಬೇಕು. ಲೋಗೋ ಇರುವ ಟೀ ಶರ್ಟ್ ಮಾರುವ ಯೋಚನೆ ಇದ್ದರೂ ಅಷ್ಟೇ. ಮೊದಲ ವರ್ಷ ಲೋಗೋ ಗೊಡವೆಗೇ ಹೋಗದಿದ್ದರೆ ಏನೂ ನಷ್ಟವಿಲ್ಲ.

## ಹಂತ 4: ಯಂತ್ರಗಳನ್ನು ಮೊದಲೇ ಸಿದ್ಧಮಾಡಿ

ಇದಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ಕಾರ್ಯಾಗಾರಗಳು ಸೋಲುವುದು ಪಾಠದಲ್ಲಲ್ಲ, ಇನ್‌ಸ್ಟಾಲ್ ಮಾಡುವುದರಲ್ಲಿ. ನಮ್ಮ ಮೊದಲ ಕಾರ್ಯಾಗಾರದಲ್ಲಿ ಮೂವತ್ತು ಜನ ಒಂದೇ ವೈಫೈನಲ್ಲಿ ಒಂದೇ ಸಲಕ್ಕೆ ಡೌನ್‌ಲೋಡ್ ಒತ್ತಿದರು. ಊಟದ ಹೊತ್ತಾದರೂ ಅರ್ಧ ಜನರ ಪರದೆಯ ಮೇಲೆ ಪಟ್ಟಿ ಓಡುತ್ತಲೇ ಇತ್ತು. ಗುಬ್ಬಿಯಿಂದ ಬಂದಿದ್ದ ಹುಡುಗ ಸಂಜೆ ಹೊರಡುವಾಗ ಒಂದು ಸಾಲು ಕೋಡ್ ಕೂಡ ಬರೆದಿರಲಿಲ್ಲ. ಅವನು ಮತ್ತೆ ಬರಲಿಲ್ಲ.

ಐದು ಪೆನ್‌ಡ್ರೈವ್. ಪೈಥಾನ್‌ನ ಸ್ವಂತ ಜಾಲತಾಣದಿಂದ 64 ಬಿಟ್ ವಿಂಡೋಸ್ ಇನ್‌ಸ್ಟಾಲರ್ ಇಳಿಸಿ ಹಾಕಿಕೊಳ್ಳಿ. ಜೊತೆಗೆ ಥಾನಿ ಎಂಬ ಎಡಿಟರ್, ಅಂದರೆ ಕೋಡ್ ಬರೆದು ಓಡಿಸುವ ತಂತ್ರಾಂಶ, ಇರಲಿ. ಹೊಸಬರಿಗೆಂದೇ ಮಾಡಿದ್ದು ಅದು, ಪೈಥಾನ್ ಅದರೊಳಗೇ ಇರುತ್ತದೆ. ನನ್ನ ಅನುಭವದಲ್ಲಿ ಮೊದಲ ದಿನಕ್ಕೆ ಥಾನಿಯೇ ವಾಸಿ. ಅಭ್ಯಾಸದ ಫೈಲುಗಳನ್ನೂ ಇದೇ ಪೆನ್‌ಡ್ರೈವಿಗೆ ಹಾಕಿ. ಎಲ್ಲಾ ಐದರಲ್ಲೂ ಒಂದೇ ಸರಕು, ಒಂದೇ ಆವೃತ್ತಿ ಇರಲಿ.

ಪ್ಯಾಕೇಜುಗಳು. ಅಂಕಿಅಂಶದ ಕೆಲಸಕ್ಕೆ ಬಳಸುವ ನಂಪೈ, ಪಾಂಡಾಸ್ ಥರದ್ದು ಬೇಕಿದ್ದರೆ ಹಿಂದಿನ ದಿನ ಒಂದು ಯಂತ್ರದಲ್ಲಿ ಪಿಪ್‌ನ ಡೌನ್‌ಲೋಡ್ ಆಜ್ಞೆಯಿಂದ ಒಂದು ಫೋಲ್ಡರಿಗೆ ಇಳಿಸಿ, ಆ ಫೋಲ್ಡರನ್ನೇ ಹಂಚಿ. ಇಂಟರ್‌ನೆಟ್ ಇಲ್ಲದೆ ಅದರಿಂದಲೇ ಹಾಕಬಹುದು. ಒಂದೇ ಎಚ್ಚರಿಕೆ: ಇಳಿಸಿದ ಯಂತ್ರದ ಪೈಥಾನ್ ಆವೃತ್ತಿಯೂ ಹಾಕುವ ಯಂತ್ರದ ಆವೃತ್ತಿಯೂ ಹೊಂದಬೇಕು. 3.12ಕ್ಕೆ ಇಳಿಸಿದ ನಂಪೈ 3.13ರಲ್ಲಿ ಕೂರುವುದಿಲ್ಲ.

ಪಾತ್ ಪೆಟ್ಟಿಗೆ. ವಿಂಡೋಸ್ ಇನ್‌ಸ್ಟಾಲರಿನ ಮೊದಲ ಪರದೆಯಲ್ಲಿ, ಕೆಳಗಡೆ, ಪಾತ್‌ಗೆ ಸೇರಿಸಬೇಕೇ ಎಂದು ಕೇಳುವ ಚಿಕ್ಕ ಚೌಕ ಇರುತ್ತದೆ. ಪಾತ್ ಅಂದರೆ ವಿಂಡೋಸ್ ಪ್ರೋಗ್ರಾಮುಗಳನ್ನು ಹುಡುಕುವ ಜಾಗಗಳ ಪಟ್ಟಿ. ಅದರಲ್ಲಿ ಟಿಕ್ ಇರುವುದಿಲ್ಲ. ಎಲ್ಲರೂ ಅದನ್ನು ನೋಡದೆ ಮೇಲಿನ ದೊಡ್ಡ ಗುಂಡಿ ಒತ್ತುತ್ತಾರೆ. ಆಮೇಲೆ ಕಮಾಂಡ್ ಪ್ರಾಂಪ್ಟಿನಲ್ಲಿ ಪೈಥಾನ್ ಎಂದು ಟೈಪ್ ಮಾಡಿದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ. "ಹಾಕಿದ್ದೀನಿ, ಆದರೂ ಇಲ್ಲ ಅಂತಿದೆ ಅಕ್ಕಾ" ಎಂಬ ಮಾತು ಬಂದರೆ ಕಾರಣ ಹೆಚ್ಚಾಗಿ ಇದೇ. ಇನ್‌ಸ್ಟಾಲರನ್ನು ಮತ್ತೆ ಓಡಿಸಿ, ಈ ಸಲ ಟಿಕ್ ಹಾಕಿಸಿ.

ಕಾಲೇಜಿನ ಲ್ಯಾಬ್. ಮೂರು ವಿಷಯ ಮೊದಲೇ ಹೋಗಿ ನೋಡಿ. ವಿಂಡೋಸ್ 7 ಇದೆಯಾ? ಇದ್ದರೆ ಅದರಲ್ಲಿ ಓಡುವ ಕೊನೆಯ ಆವೃತ್ತಿ ಪೈಥಾನ್ 3.8. ಹೊಸದನ್ನು ಹಾಕಲು ಹೋದರೆ ಒಪ್ಪುವುದೇ ಇಲ್ಲ. ಎರಡನೆಯದು, ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇದೆ, ಅವರು ಭಾನುವಾರ ಬರುತ್ತಾರಾ? ಮೂರನೆಯದು, ರೀಸ್ಟಾರ್ಟ್ ಮಾಡಿದಾಗ ಹಾಕಿದ್ದೆಲ್ಲ ಅಳಿಸಿಹೋಗುವ ತಂತ್ರಾಂಶ ಬಹಳ ಲ್ಯಾಬ್‌ಗಳಲ್ಲಿ ಇರುತ್ತದೆ. ಶನಿವಾರ ನಲವತ್ತು ಯಂತ್ರಕ್ಕೆ ಪೈಥಾನ್ ಹಾಕಿ, ಭಾನುವಾರ ಬೆಳಗ್ಗೆ ಒಂದರಲ್ಲೂ ಇಲ್ಲದಿರುವುದನ್ನು ನೋಡಬೇಕಾಗುತ್ತದೆ. ಒಂದು ಯಂತ್ರಕ್ಕೆ ಹಾಕಿ, ರೀಸ್ಟಾರ್ಟ್ ಮಾಡಿ, ಉಳಿದಿದೆಯಾ ನೋಡಿ. ಆಮೇಲೆ ಉಳಿದವುಗಳ ಕಡೆ ಹೋಗಿ.

ವಿಂಡೋಸ್ ಬದಲು ಉಬುಂಟು ಇರುವವರು. ಹೊಸ ಉಬುಂಟುವಿನಲ್ಲಿ ಪಿಪ್ ನೇರವಾಗಿ ಪ್ಯಾಕೇಜ್ ಹಾಕಲು ಬಿಡುವುದಿಲ್ಲ, ಹೊರಗಿನಿಂದ ನಿರ್ವಹಿಸುವ ವ್ಯವಸ್ಥೆ ಇದು ಎಂದು ಎರರ್ ಕೊಡುತ್ತದೆ. ಅಂತರ್ಜಾಲದಲ್ಲಿ ಸಿಗುವ "ಬ್ರೇಕ್ ಸಿಸ್ಟಮ್ ಪ್ಯಾಕೇಜಸ್" ಉಪಾಯವನ್ನು ಕಲಿಸಬೇಡಿ. ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಪ್ಯಾಕೇಜುಗಳನ್ನು ಬೇರೆಯಾಗಿ ಇಡುವ ಒಂದು ಫೋಲ್ಡರ್, ಮಾಡಿಕೊಳ್ಳುವುದನ್ನೇ ಕಲಿಸಿ. ಹತ್ತು ನಿಮಿಷ ಹಿಡಿಯುತ್ತದೆ, ಮುಂದೆ ನೂರು ತಲೆನೋವು ತಪ್ಪುತ್ತದೆ. ಕೋಡಿನಿಂದ ಗೆರೆ ಎಳೆಸುವ ಟರ್ಟಲ್ ಚಿತ್ರ ಬರೆಸುವುದಿದ್ದರೆ ಉಬುಂಟುವಿನಲ್ಲಿ ಅದಕ್ಕೆ ಬೇಕಾದ ಟಿಕೆಇಂಟರ್ ಎಂಬ ಭಾಗವನ್ನು ಬೇರೆಯಾಗಿ ಹಾಕಬೇಕು, ಅದನ್ನೂ ಹಿಂದಿನ ದಿನವೇ ಮುಗಿಸಿ.

ಲ್ಯಾಪ್‌ಟಾಪ್ ಇಲ್ಲದವರು. ಇವರು ಅರ್ಧಕ್ಕಿಂತ ಜಾಸ್ತಿ ಇರುತ್ತಾರೆ ಅಂತಲೇ ಲೆಕ್ಕ ಹಾಕಿ. ಒಂದು ಯಂತ್ರಕ್ಕೆ ಇಬ್ಬರನ್ನು ಕೂರಿಸಿ. ಇಪ್ಪತ್ತು ನಿಮಿಷಕ್ಕೊಮ್ಮೆ ಕೀಬೋರ್ಡ್ ಕೈ ಬದಲಾಗಲಿ, ಗಂಟೆ ಹೊಡೆದು ಬದಲಿಸಿ. ಇಲ್ಲದಿದ್ದರೆ ಲ್ಯಾಪ್‌ಟಾಪ್ ಯಾರದೋ ಅವರೇ ಇಡೀ ದಿನ ಟೈಪ್ ಮಾಡುತ್ತಾರೆ, ಇನ್ನೊಬ್ಬರು ನೋಡುತ್ತಾ ಕೂರುತ್ತಾರೆ.

ಎಕ್ಸ್‌ಟೆನ್ಷನ್ ಬೋರ್ಡ್ ಆರು ಇರಲಿ. ಕರೆಂಟ್ ಹೋದರೆ ಏನು ಮಾಡುವುದು ಅನ್ನುವುದಕ್ಕೆ ಕಾಗದದ ಮೇಲೆ ಮಾಡುವ ಒಂದು ಅಭ್ಯಾಸ ಕೈಯಲ್ಲಿರಲಿ.

## ಹಂತ 5: ಕಾರ್ಯಾಗಾರದ ದಿನ

ಕಲಿಸುವವರು ಒಬ್ಬರು, ಸಾಲುಗಳ ನಡುವೆ ಓಡಾಡಿ ನೋಡುವವರು ಆರೇಳು ಜನಕ್ಕೆ ಒಬ್ಬರು. ಓಡಾಡುವವರಿಗೆ ಒಂದೇ ನಿಯಮ. ಕಲಿಯುವವರ ಕೀಬೋರ್ಡ್ ಮುಟ್ಟಬಾರದು. ಬೆರಳು ತೋರಿಸಿ ಹೇಳಬೇಕು.

ಉದಾಹರಣೆಗಳು ನಮ್ಮ ಊರಿನವೇ ಆಗಲಿ. ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳ ಹೆಸರು ಒಂದು ಲಿಸ್ಟ್. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಕ್ವಿಂಟಾಲಿಗೆ ಇಷ್ಟು ಅಂದರೆ ಮೂವತ್ತೆರಡು ಕೆಜಿಗೆ ಎಷ್ಟು ಅನ್ನುವುದು ಮೊದಲ ಲೆಕ್ಕ. ಕೋಲಾರದಲ್ಲಿ ಹದಿನೈದು ಕೆಜಿಯ ಟೊಮೆಟೊ ಬಾಕ್ಸ್ ಇಟ್ಟುಕೊಳ್ಳಿ, ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ದರ ಇಟ್ಟುಕೊಳ್ಳಿ. ಮನೆಯಲ್ಲಿ ಅಪ್ಪ ಮಾಡುವ ಲೆಕ್ಕವನ್ನು ತಾನು ನಾಲ್ಕು ಸಾಲಲ್ಲಿ ಮಾಡಿದಾಗ ಆ ಮಗುವಿನ ಮುಖ ನೋಡಬೇಕು.

ಕನ್ನಡವನ್ನೇ ಪಾಠವಾಗಿಸಿ. ಪೈಥಾನ್ 3ರಲ್ಲಿ ವೇರಿಯಬಲ್‌ಗೆ "ಬೆಲೆ" ಎಂದೇ ಕನ್ನಡದಲ್ಲಿ ಹೆಸರಿಡಬಹುದು, ಓಡುತ್ತದೆ. ಆಮೇಲೆ "ತುಮಕೂರು" ಎಂಬ ಪದದ ಉದ್ದ ಎಷ್ಟು ಎಂದು ಲೆನ್ ಫಂಕ್ಷನ್‌ನಿಂದ ಕೇಳಿಸಿ. ಎಲ್ಲರೂ ನಾಲ್ಕು ಅನ್ನುತ್ತಾರೆ. ಪರದೆಯ ಮೇಲೆ ಏಳು ಬರುತ್ತದೆ. ಯಾಕೆ ಅಂದರೆ ತ, ಉಕಾರದ ಕೊಂಬು, ಮ, ಕ, ಊಕಾರದ ಕೊಂಬು, ರ, ಮತ್ತೊಂದು ಕೊಂಬು, ಹೀಗೆ ಕಂಪ್ಯೂಟರ್ ಒಂದೊಂದನ್ನೂ ಬೇರೆ ಎಣಿಸುತ್ತದೆ. ಇಡೀ ದಿನದಲ್ಲಿ ಕೋಣೆ ತುಂಬಾ ಗಲಗಲ ಮಾತು ಏಳುವುದು ಈ ಹತ್ತು ನಿಮಿಷದಲ್ಲೇ. ಕನ್ನಡ ಅಕ್ಷರ ಕಾಣದೆ ಚೌಕಗಳು ಬಂದರೆ ಕಮಾಂಡ್ ಪ್ರಾಂಪ್ಟ್ ಬಿಟ್ಟು ಥಾನಿಯಲ್ಲಿ ಮಾಡಿಸಿ.

ಮೊದಲ ದಿನ ಮತ್ತೆ ಮತ್ತೆ ಬರುವ ಎಡವಟ್ಟುಗಳು ಇವು. ಓಡಾಡುವವರಿಗೆ ಮೊದಲೇ ಹೇಳಿಕೊಡಿ:

- ಫೈಲಿಗೆ "ಟರ್ಟಲ್" ಅಥವಾ "ರ‍್ಯಾಂಡಮ್" ಎಂದು ಹೆಸರಿಟ್ಟು, ಒಳಗೆ ಅದೇ ಹೆಸರಿನ ಮಾಡ್ಯೂಲ್ ಇಂಪೋರ್ಟ್ ಮಾಡುವುದು. ಪೈಥಾನ್ ಅವರದೇ ಫೈಲನ್ನು ಎತ್ತಿಕೊಳ್ಳುತ್ತದೆ, ಎರರ್ ಅರ್ಥವೇ ಆಗುವುದಿಲ್ಲ. ಫೈಲಿನ ಹೆಸರು ಬದಲಿಸಿದರೆ ಮುಗಿಯಿತು.
- ನೋಟ್‌ಪ್ಯಾಡಿನಲ್ಲಿ ಉಳಿಸಿ, ಹೆಸರಿನ ಕೊನೆಗೆ ಗೊತ್ತಾಗದಂತೆ ಟಿಎಕ್ಸ್‌ಟಿ ಸೇರಿಕೊಳ್ಳುವುದು.
- ಟ್ಯಾಬ್ ಮತ್ತು ಸ್ಪೇಸ್ ಬೆರೆಸುವುದು. ಕಣ್ಣಿಗೆ ಒಂದೇ ಥರ ಕಾಣುತ್ತದೆ, ಪೈಥಾನ್‌ಗೆ ಅಲ್ಲ.
- ಕನ್ನಡ ಇರುವ ಫೈಲನ್ನು ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಯಾವ ಸಂಕೇತದಲ್ಲಿ ಉಳಿಸಿದೆ ಅನ್ನುವುದನ್ನು, ಹೇಳದೆ ತೆರೆಯುವುದು. ವಿಂಡೋಸಿನಲ್ಲಿ "ಚಾರ್‌ಮ್ಯಾಪ್" ಎಂದು ಶುರುವಾಗುವ ಎರರ್ ಬರುತ್ತದೆ. ನಮ್ಮ ಊರಿನ ಹೆಸರಿನ ಒಂದು ಕೊಂಬು ಸಾಕು ಅದಕ್ಕೆ. ಫೈಲ್ ತೆರೆಯುವ ಸಾಲಿನಲ್ಲೇ ಯುಟಿಎಫ್ 8 ಎಂದು ಹೇಳಿಸಿ.

ಎರರ್ ಬಂದಾಗ ಕೊನೆಯ ಸಾಲನ್ನು ಜೋರಾಗಿ ಓದಿಸಿ, ಕನ್ನಡದಲ್ಲಿ ಅರ್ಥ ಹೇಳಿಸಿ. ಕೆಂಪು ಅಕ್ಷರ ಕಂಡ ತಕ್ಷಣ ಕೈ ಎತ್ತುವುದನ್ನು ಇದೊಂದೇ ಅಭ್ಯಾಸ ಬಿಡಿಸುತ್ತದೆ.

## ಹಂತ 6: ಲೆಕ್ಕ ಅದೇ ಸಂಜೆ

ಮೂವತ್ತು ಜನ ಕಲಿಯುವವರು, ಐದು ಜನ ನೆರವಾಗುವವರು ಎಂದುಕೊಳ್ಳಿ. ಊಟ ತಲೆಗೆ ₹100ರಂತೆ ₹3,500. ಎರಡು ಹೊತ್ತು ಟೀ, ಬಿಸ್ಕತ್ತು ₹1,050. ಆರು ಎಕ್ಸ್‌ಟೆನ್ಷನ್ ಬೋರ್ಡ್ ₹2,700. ಐದು ಪೆನ್‌ಡ್ರೈವ್ ₹1,750. ಜೆರಾಕ್ಸ್ ₹700. ಬೆಂಗಳೂರಿನಿಂದ ಬರುವ ಮೂವರಿಗೆ ಹೋಗಿಬರುವ ಖರ್ಚು ₹900. ಒಟ್ಟು ₹10,600. ಬೋರ್ಡು, ಪೆನ್‌ಡ್ರೈವ್ ಮತ್ತೆ ಕೊಳ್ಳಬೇಕಿಲ್ಲ, ಎರಡನೇ ಸಲಕ್ಕೆ ₹6,150ಕ್ಕೆ ಇಳಿಯುತ್ತದೆ. ಬೆಲೆ ನಿಮ್ಮ ಊರಿನಲ್ಲಿ ಬೇರೆ ಇರಬಹುದು, ಆದರೆ ಪಟ್ಟಿ ಹೀಗೇ ಬಿಡಿಬಿಡಿಯಾಗಿರಬೇಕು. "ಇತರೆ ಖರ್ಚು" ಎಂಬ ಸಾಲು ಬೇಡ.

ಇಷ್ಟು ಹಣಕ್ಕೆ ಅಮೆರಿಕದವರೆಗೆ ಹೋಗಬೇಕಾ ಎಂದು ಒಮ್ಮೆ ಕೇಳಿಕೊಳ್ಳಿ. ಕಲಿಯುವವರಿಂದ ₹100 ಪ್ರವೇಶ ಶುಲ್ಕ ತೆಗೆದುಕೊಂಡರೆ ₹3,000 ಅಲ್ಲೇ ಬಂತು. ಶುಲ್ಕ ಇಟ್ಟರೆ ಹೆಸರು ಕೊಟ್ಟು ಬಾರದೆ ಹೋಗುವವರೂ ಕಮ್ಮಿಯಾಗುತ್ತಾರೆ. ಕೊಡಲಾಗದವರಿಗೆ ಕೇಳದೆಯೇ ಬಿಟ್ಟುಬಿಡಿ. ಊರಿನ ಹೋಟೆಲಿನವರನ್ನೋ ಅಂಗಡಿಯವರನ್ನೋ ಕೇಳುವುದಾದರೆ ಹಣ ಕೇಳಬೇಡಿ. ಊಟದ ಬಿಲ್ಲನ್ನು ಅವರೇ ನೇರವಾಗಿ ಕಟ್ಟಲಿ. ನಿಮ್ಮ ಕೈಗೆ ದುಡ್ಡು ಬಾರದಿದ್ದಷ್ಟೂ ಮಾತು ಕಮ್ಮಿ.

ವಿದ್ಯಾರ್ಥಿಯೊಬ್ಬನ ಸ್ವಂತ ಯುಪಿಐಗೆ ಹಣ ಹಾಕಿಸಬೇಡಿ. ಜವಾಬ್ದಾರಿ ಹೊತ್ತ ಹಿರಿಯರೊಬ್ಬರ ಖಾತೆ ಇರಲಿ, ಲೆಕ್ಕ ಇನ್ನೊಬ್ಬರು ಬರೆಯಲಿ. ಅದೇ ಸಂಜೆ ಬಂದದ್ದು, ಹೋದದ್ದು, ಉಳಿದದ್ದು ಗುಂಪಿನ ಎಲ್ಲರಿಗೂ ಕಳಿಸಿ. ಬಿಲ್ಲುಗಳ ಫೋಟೋ ತೆಗೆದಿಡಿ. ಜೊತೆಗೆ ಬಂದವರ ಸಂಖ್ಯೆ, ಎಷ್ಟು ಜನ ಹೆಣ್ಣುಮಕ್ಕಳು, ಏನು ಕಲಿಸಿದಿರಿ, ಯಾವುದು ಆಗಲಿಲ್ಲ ಎಂದು ಒಂದು ಪುಟ. ನಾಲ್ಕು ಸಲ ಸೇರಿದರೆ ಇಂಥ ನಾಲ್ಕು ಪುಟ ಇರುತ್ತವೆ. ನಾಳೆ ಅರ್ಜಿಯಲ್ಲಿ ನಿಮ್ಮ ಪರವಾಗಿ ಮಾತಾಡುವುದು ಇವೇ.

## ಹಂತ 7: ಫೌಂಡೇಷನ್ನಿನ ಸದಸ್ಯರಾಗಿ

ಹಣ ಕೇಳುವ ಮೊದಲು ಈ ಸಂಸ್ಥೆಯ ಒಳಗೆ ಒಂದು ಹೆಜ್ಜೆ ಇಡಿ. ಬೇಸಿಕ್ ಸದಸ್ಯತ್ವ ಉಚಿತ, ಆದರೆ ಮತ ಇಲ್ಲ. ಸಪೋರ್ಟಿಂಗ್ ಸದಸ್ಯತ್ವಕ್ಕೆ ವರ್ಷಕ್ಕೆ 99 ಡಾಲರ್. ಅಷ್ಟು ಕೊಡಲಾಗದವರಿಗೆ 25 ಡಾಲರಿನಿಂದ ಶುರುವಾಗುವ ರಿಯಾಯಿತಿಯೂ ಇದೆ.

ಬಹಳ ಜನಕ್ಕೆ ಗೊತ್ತಿಲ್ಲದ್ದು ಮೂರನೆಯದು, ಕಾಂಟ್ರಿಬ್ಯೂಟಿಂಗ್ ಸದಸ್ಯತ್ವ. ಪೈಥಾನ್ ಸಮುದಾಯಕ್ಕಾಗಿ ತಿಂಗಳಿಗೆ ಕನಿಷ್ಠ ಐದು ಗಂಟೆ ಸ್ವಯಂಸೇವೆ ಮಾಡುವವರು ತಾವೇ ಹಾಗೆಂದು ದೃಢೀಕರಿಸಿ ಇದನ್ನು ಪಡೆಯಬಹುದು. ಹಣ ಬೇಡ, ಮತದಾನದ ಹಕ್ಕೂ ಸಿಗುತ್ತದೆ. ತಿಂಗಳಿಗೊಮ್ಮೆ ಇಡೀ ಭಾನುವಾರ ನಿಂತು ಕಲಿಸುವ ನೀವು ಈ ಐದು ಗಂಟೆಯನ್ನು ದಾಟಿಯೇ ಇರುತ್ತೀರಿ. ಈ ಫೌಂಡೇಷನ್ನನ್ನು ನಡೆಸುವ ನಿರ್ದೇಶಕ ಮಂಡಳಿಗೆ ಯಾರು ಹೋಗಬೇಕು ಅನ್ನುವುದರಲ್ಲಿ ಶಿರಾದಲ್ಲಿ ಕೂತ ಒಬ್ಬ ಮೇಷ್ಟ್ರಿಗೂ ಒಂದು ಮತ ಇರುತ್ತದೆ. ನನಗೆ ಇದು ಅನುದಾನಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮತ ಹಾಕುವ ಇರಾದೆಯನ್ನು ಆ ವರ್ಷದ ಚುನಾವಣೆಗೆ ಮುಂಚೆ ಖಚಿತಪಡಿಸಬೇಕು, ಆ ಇಮೇಲ್ ಬಿಟ್ಟುಬಿಡಬೇಡಿ.

## ಹಂತ 8: ಈಗ ಹಣದ ಮಾತು

ಪಿಎಸ್‌ಎಫ್ ಅನುದಾನ ಯೋಜನೆ ಕಾರ್ಯಾಗಾರ, ಸಮ್ಮೇಳನಗಳಿಗೆ ನೆರವು ಕೊಡುತ್ತಾ ಬಂದಿದೆ. ಆದರೆ ಅದು ಯಾವಾಗಲೂ ತೆರೆದಿರುವ ಬಾಗಿಲಲ್ಲ. ಆ ವರ್ಷಕ್ಕೆ ಇಟ್ಟಿದ್ದ ಹಣ ಬೇಗ ಮುಗಿದು 2025ರ ಆಗಸ್ಟಿನಲ್ಲಿ ಯೋಜನೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದ್ದರು. ಆದ್ದರಿಂದ ಅರ್ಜಿ ಬರೆಯುವ ಮುಂಚೆ ಯೋಜನೆ ತೆರೆದಿದೆಯಾ ನೋಡಿ. ಕಾರ್ಯಕ್ರಮಕ್ಕೆ ಎರಡು ಮೂರು ತಿಂಗಳು ಮೊದಲೇ ಶುರು ಮಾಡಿ.

ಅರ್ಜಿಯಲ್ಲಿ ಬೇಕಾಗುವುದು ನೀವು ಇಲ್ಲಿವರೆಗೆ ಮಾಡಿಟ್ಟದ್ದೇ. ದಿನಾಂಕ, ಜಾಗ, ಎಷ್ಟು ಜನ, ಬಿಡಿಬಿಡಿ ಬಜೆಟ್, ಕೋಡ್ ಆಫ್ ಕಂಡಕ್ಟ್, ನಡೆಸುವವರು ಯಾರು, ಹಿಂದೆ ಏನು ಮಾಡಿದ್ದೀರಿ. ಓದುವವರು ಜಗತ್ತಿನ ಬೇರೆ ಬೇರೆ ಕಡೆಯ ಸ್ವಯಂಸೇವಕರು. ಅವರಿಗೆ ತುಮಕೂರು ಎಲ್ಲಿದೆ ಎಂದು ಗೊತ್ತಿಲ್ಲ. "ಹಿಂದುಳಿದ ಪ್ರದೇಶ, ಬಡ ಮಕ್ಕಳು" ಎಂದು ಕರುಣೆ ಹುಟ್ಟಿಸಲು ಹೋಗಬೇಡಿ. "ನಾಲ್ಕು ಸಲ ಸೇರಿದ್ದೇವೆ, ಒಟ್ಟು ಇಷ್ಟು ಜನ ಬಂದರು, ಪಾವಗಡದಿಂದ ಬರುವವರಿಗೆ ಬಸ್ ಖರ್ಚು ಬೇಕು" ಎಂದು ಬರೆಯಿರಿ.

ಇನ್ನು ಯಾರೂ ಹೇಳದ ವಿಷಯ. ವಿದೇಶಿ ಹಣವನ್ನು ನಾವು ಸುಮ್ನೆ ತೆಗೆದುಕೊಳ್ಳುವಂತಿಲ್ಲ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, 2010, ಅಂದರೆ ಎಫ್‌ಸಿಆರ್‌ಎ, ಇದಕ್ಕೆ ಅಡ್ಡ ನಿಲ್ಲುತ್ತದೆ. ಶೈಕ್ಷಣಿಕ, ಸಾಮಾಜಿಕ ಕೆಲಸಕ್ಕೆ ವಿದೇಶಿ ಸಂಸ್ಥೆಯಿಂದ ದೇಣಿಗೆ ಪಡೆಯಲು ಕೇಂದ್ರ ಗೃಹ ಇಲಾಖೆಯ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಗುಂಪಿಗಷ್ಟೇ ಅಲ್ಲ, ವ್ಯಕ್ತಿಗೂ ಇದು ಅನ್ವಯ. "ನನ್ನ ಸೇವಿಂಗ್ಸ್ ಖಾತೆಗೆ ಹಾಕಿಸಿಕೊಂಡು ಹಂಚುತ್ತೇನೆ" ಅನ್ನುವುದು ಅಪಾಯದ ದಾರಿ. ನೋಂದಣಿ ಇರುವವರೂ ಮೊದಲು ಹಣವನ್ನು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯಲ್ಲೇ ಪಡೆಯಬೇಕು.

"ಎಫ್‌ಸಿಆರ್‌ಎ ಇರುವ ಪರಿಚಯದ ಎನ್‌ಜಿಒ ಮೂಲಕ ತರಿಸಿಕೊಳ್ಳೋಣ" ಎಂದು ಕೆಲವರು ಯೋಚಿಸುತ್ತಾರೆ. 2020ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿದೆ. ಬಂದ ಹಣವನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ನೋಂದಣಿಗೆ ಸಾಮಾನ್ಯವಾಗಿ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಅವಧಿಯಲ್ಲಿ ₹15 ಲಕ್ಷ ಖರ್ಚು ಮಾಡಿರಬೇಕು. ತಿಂಗಳಿಗೊಮ್ಮೆ ಸೇರುವ ಗುಂಪಿಗೆ ಇದು ಆಗದ ಮಾತು.

ಹಾಗಾದರೆ ದಾರಿ ಯಾವುದು? ನಾನು ಎಲ್ಲರಿಗೂ ಹೇಳುವುದು ಇದು. ಎರಡು ವರ್ಷ ದೇಶದೊಳಗಿನ ಹಣದಲ್ಲೇ ನಡೆಸಿ. ಬೆಂಗಳೂರಿನ ಬ್ಯಾಂಗ್‌ಪೈಪರ್ಸ್ ಎಂಬ ಪೈಥಾನ್ ಗುಂಪಿನವರನ್ನು ಕಲಿಸಲು ಕರೆಯಿರಿ, ಎಪ್ಪತ್ತು ಕಿಲೋಮೀಟರ್ ದೊಡ್ಡ ದೂರವಲ್ಲ. ಪೈಕಾನ್ ಇಂಡಿಯಾ ಬಂದಾಗ ಹಣಕಾಸಿನ ನೆರವಿಗೆ ನಿಮ್ಮ ಗುಂಪಿನ ಇಬ್ಬರಿಂದ ಅರ್ಜಿ ಹಾಕಿಸಿ. ಪೈಥಾನ್ ಸಾಫ್ಟ್‌ವೇರ್ ಸೊಸೈಟಿ ಆಫ್ ಇಂಡಿಯಾ ಜೊತೆ ಮಾತಾಡಿ. ಆ ಮೇಲೂ ಪಿಎಸ್‌ಎಫ್ ಅನುದಾನ ಬೇಕೆನಿಸಿದರೆ ಅರ್ಜಿ ಕಳಿಸುವ ಮುಂಚೆ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಹೋಗಿ, ಮಂಜೂರಾದ ಮೇಲಲ್ಲ. ಮಂಜೂರಾದ ಹಣವನ್ನು ತೆಗೆದುಕೊಳ್ಳಲಾಗದೆ ವಾಪಸ್ ಬರೆಯುವುದು ಕಷ್ಟದ ಕೆಲಸ.

ಗುಂಪನ್ನು ಸಂಘವಾಗಿ ನೋಂದಾಯಿಸಬೇಕಾ? ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಬೇಕು, ಆಮೇಲೆ ಪ್ರತಿ ವರ್ಷ ಲೆಕ್ಕಪತ್ರ ಸಲ್ಲಿಸಬೇಕು. ಮೊದಲ ವರ್ಷ ಬೇಡ. ಏಳು ಜನ ಹನ್ನೆರಡು ತಿಂಗಳು ಬಿಡದೆ ಬಂದರೆ ಆಗ ಯೋಚಿಸಿ.

## ಈ ಲಕ್ಷಣ ಕಂಡರೆ ನಿಂತು ನೋಡಿ

ವಾಟ್ಸಾಪ್ ಗುಂಪಿನಲ್ಲಿ ಇನ್ನೂರು ಜನ, ಕೋಣೆಯಲ್ಲಿ ಆರು ಜನ. ಪ್ರಚಾರ ಸಾಕು, ಬಂದ ಆರು ಜನಕ್ಕೆ ಫೋನ್ ಮಾಡಿ ಏನು ಹಿಡಿಸಿತು ಕೇಳಿ.

ಎರಡನೇ ಸಲ ಹುಡುಗಿಯರು ಅರ್ಧಕ್ಕೆ ಇಳಿದಿದ್ದಾರೆ. ಹೊತ್ತು, ಶೌಚಾಲಯ, ಯಾರದೋ ನಡತೆ, ಈ ಮೂರರಲ್ಲಿ ಒಂದು ಇರುತ್ತದೆ. ಎದುರಿಗೆ ಕೇಳಿದರೆ ಹೇಳುವುದಿಲ್ಲ. ಕೋಡ್ ಆಫ್ ಕಂಡಕ್ಟಿನಲ್ಲಿ ಹೆಸರಿರುವ ಅಕ್ಕ ಒಬ್ಬೊಬ್ಬರನ್ನೇ ಕೇಳಲಿ.

ಯಾರೋ ಬಂದು "ನಾವು ಸ್ಪಾನ್ಸರ್ ಮಾಡ್ತೀವಿ, ಬಂದವರ ಫೋನ್ ನಂಬರ್ ಪಟ್ಟಿ ಕೊಡಿ" ಅನ್ನುತ್ತಾರೆ. ಕೊಡಬೇಡಿ, ಮರುದಿನದಿಂದಲೇ ಮಕ್ಕಳಿಗೆ ಕೋರ್ಸ್ ಮಾರುವ ಕರೆ ಶುರುವಾಗುತ್ತದೆ.

ಮೂರನೇ ಭೇಟಿಯಲ್ಲೂ ಮುಂದೆ ನಿಂತು ಕಲಿಸುತ್ತಿರುವುದು ನೀವೇ. ನಾಲ್ಕನೆಯದಕ್ಕೆ ಲೂಪ್ ಪಾಠವನ್ನು ಮೊದಲ ಸಲ ಬಂದು ಕಲಿತ ಹುಡುಗಿಯ ಕೈಗೆ ಕೊಡಿ, ನೀವು ಸಾಲುಗಳ ನಡುವೆ ಓಡಾಡಿ. ಹದಿನೈದು ದಿನ ಮುಂಚೆ ಅವಳಿಗೆ ತಿಳಿಸಿ, ಒಮ್ಮೆ ಎದುರಿಗೆ ಕೂತು ಪೂರ್ತಿ ಹೇಳಿಸಿ ನೋಡಿ. ಪೆನ್‌ಡ್ರೈವಿನ ಡಬ್ಬಿಯನ್ನೂ ಆ ದಿನ ಅವಳೇ ತರಲಿ.